ಬಸದಿಯ ಕಡತ, ಮನೆಯ ಕಿರ್ದಿ

ಪಂಚಕಲ್ಯಾಣ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ಶ್ರಾವಕ ಸಮ್ಮೇಳನದಲ್ಲಿ ಮಾಡಿದ ಭಾಷಣದ ಲಿಖಿತ ರೂಪ

  

ಈ ವೇದಿಕೆಯಲ್ಲಿ ನಿಂತು ಮಾತನಾಡುವ ಯೋಗ್ಯತೆ ನನಗಿಲ್ಲವೆಂಬುದನ್ನು ಬಲ್ಲೆ. ನನ್ನ ಶಿಕ್ಷಣ ಎಸ್.ಎಸ್.ಎಲ್.ಸಿ.ಗೆ ಮುಗಿಯಿತು. ಮರುದಿನದಿಂದಲೇ ತಂದೆಯವರ ಕಿರಾಣಿ ಅಂಗಡಿಯ ಗಲ್ಲೆಯ ಬಳಿ ಕುಳಿತವನು, ಇಂದಿಗೂ ಅಲ್ಲಿಯೇ ಕುಳಿತಿದ್ದೇನೆ. ಸಿದ್ಧಾಂತ, ನಯ, ಪ್ರಮಾಣಗಳ ವಿಷಯವನ್ನು ವಿದ್ವಾಂಸರು ಬೆಳಿಗ್ಗೆಯಿಂದ ತಮಗೆ ಉಣಬಡಿಸಿದ್ದಾರೆ. ವ್ಯಾಪಾರಿಯಾದ ನನಗೆ ತಿಳಿದಿರುವುದು ಒಂದೇ ವಿಷಯ, ಅದು ಲೆಕ್ಕ. ಆದುದರಿಂದ ಲೆಕ್ಕದ ಪುಸ್ತಕಗಳ ಬಗ್ಗೆಯೇ ನಾಲ್ಕು ಮಾತು ನಿವೇದಿಸಿಕೊಳ್ಳುತ್ತೇನೆ. ಬಸದಿಯ ಹಳೆಯ ಕಡತಗಳು, ಮನೆಮನೆಯ ಕಿರ್ದಿ ಖಾತೆಗಳು, ನಮ್ಮ ಸಂಘಗಳ ನಡವಳಿ ಪುಸ್ತಕಗಳು, ಇವನ್ನು ನಾವು ಏನು ಮಾಡಿದ್ದೇವೆ, ಮುಂದೆ ಏನು ಮಾಡಬೇಕು ಎಂಬುದೇ ನನ್ನ ವಿಷಯ.

ಗ್ರಂಥರಕ್ಷಣೆಯಲ್ಲಿ ನಮ್ಮ ಸಮಾಜಕ್ಕೆ ಸಮಾನರು ಯಾರೂ ಇಲ್ಲವೆಂದು ನಾವು ಹೆಮ್ಮೆಪಡುತ್ತೇವೆ. ಆ ಹೆಮ್ಮೆ ನ್ಯಾಯವಾದುದೇ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಮುಗಿಸಿದ ಧವಲಾ ಟೀಕೆಯ ತಾಳೆಯೋಲೆ ಪ್ರತಿಗಳು ಜಗತ್ತಿನಲ್ಲೆಲ್ಲೂ ಇಲ್ಲದೆ ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದುಕೊಂಡವು. ಶತಮಾನಗಳ ಕಾಲ ಯಾತ್ರಿಕರು ಅವುಗಳ ದರ್ಶನ ಮಾಡಿ ಕೈಮುಗಿದರೇ ಹೊರತು ಓದಿದವರಿಲ್ಲ. 19ನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ಆರಂಭವಾಗಿ ಹಲವು ವರ್ಷ ನಡೆಯಿತು. 1939ರಿಂದ ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಮರಾವತಿಯಿಂದ ಸಂಪುಟಗಳು ಅಚ್ಚಾಗತೊಡಗಿ, 1958ರ ಹೊತ್ತಿಗೆ 16 ಸಂಪುಟಗಳು ಪೂರ್ತಿಯಾದವು.

ಆ ಓಲೆಗಳ ಕೊನೆಯಲ್ಲಿರುವ ಪ್ರಶಸ್ತಿಯ ಕಡೆಗೆ ತಮ್ಮ ಲಕ್ಷ್ಯವನ್ನು ಸೆಳೆಯಬಯಸುತ್ತೇನೆ. ದೇಮಿಯಕ್ಕ ಎಂಬ ಶ್ರಾವಿಕೆ ಶ್ರುತಪಂಚಮಿಯ ನೋಂಪಿಯ ಉದ್ಯಾಪನೆಗಾಗಿ ಗ್ರಂಥವನ್ನು ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳೆಂದು ಅದರಲ್ಲಿದೆ. ಅದು ಸಿದ್ಧಾಂತವಲ್ಲ, ಆಗಮವೂ ಅಲ್ಲ. ಯಾರು ಬರೆಯಿಸಿದರು, ಯಾರಿಗೆ ಕೊಟ್ಟರು ಎಂಬ ಒಂದು ಜಮಾ-ಖರ್ಚಿನ ಮಾತು. ಆ ಕೆಲವು ಸಾಲುಗಳಿಲ್ಲದಿದ್ದರೆ ಓಲೆಗಳೇನೋ ಉಳಿಯುತ್ತಿದ್ದವು, ಆದರೆ ದೇಮಿಯಕ್ಕನನ್ನು ಯಾರೂ ನೆನೆಯುತ್ತಿರಲಿಲ್ಲ.

ನಮ್ಮ ಹಿರಿಯರು ಕಲ್ಲಿನ ಮೇಲೆ ಬರೆಯಿಸಿದ್ದರಲ್ಲಿಯೂ ಬಹುಪಾಲು ಲೆಕ್ಕವೇ. ಶ್ರವಣಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ ಅವರು 1889ರಲ್ಲಿ ಪ್ರಕಟಿಸಿದಾಗ ಅವುಗಳ ಸಂಖ್ಯೆ 144. ಆರ್. ನರಸಿಂಹಾಚಾರ್ಯರು 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. 1973ರ ಆವೃತ್ತಿಯಲ್ಲಿ 573. ಅವುಗಳಲ್ಲಿ ಸಲ್ಲೇಖನದ ನಿಸಿಧಿಗಳು ಎಷ್ಟೋ ಇವೆ. ಅವುಗಳ ಪಕ್ಕದಲ್ಲಿಯೇ, ಇಂತಹ ಸೆಟ್ಟಿ ಇಷ್ಟು ಗದ್ಯಾಣ ಇರಿಸಿದನು, ಅದರ ಬಡ್ಡಿಯಿಂದ ಗೊಮ್ಮಟದೇವರ ಅಭಿಷೇಕಕ್ಕೆ ಹಾಲು, ಪೂಜೆಗೆ ಹೂವು ನಡೆಯಬೇಕು ಎಂಬ ಶಾಸನಗಳೂ ಇವೆ. ನಾವು ಈಗ ಶಾಶ್ವತ ಪೂಜಾನಿಧಿ ಎಂದು ರಸೀದಿ ಹರಿಯುತ್ತೇವಲ್ಲ, ಅದೇ ಪದ್ಧತಿ.

1368ರ ಬುಕ್ಕರಾಯನ ಶಾಸನವನ್ನು ಜೈನ-ವೈಷ್ಣವ ಸೌಹಾರ್ದದ ದಾಖಲೆಯೆಂದು ಎಲ್ಲರೂ ಉದ್ಧರಿಸುತ್ತಾರೆ. ಅದನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿ. ರಾಜ್ಯದ ಜೈನರ ಮನೆ ಒಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಸಂಗ್ರಹಿಸಬೇಕು, ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಮಂದಿ ಆಳುಗಳನ್ನಿಡಬೇಕು, ಮಿಕ್ಕ ಹಣದಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು ಎಂದು ಅದರಲ್ಲಿ ವಿಧಿಸಿದೆ. ವಸೂಲಿ, ಸಂಬಳ, ಉಳಿಕೆ, ಉಳಿಕೆಯ ವಿನಿಯೋಗ, ಒಂದಾದರೂ ಬಿಟ್ಟುಹೋಗಿದೆಯೆ? ಅದೇ ಕಲ್ಲಿನಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರಿದೆ. ಅರಸನಿಗೆ ವಿಜ್ಞಾಪನೆ ಮಾಡಿಕೊಂಡು, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಆತ. ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪದವಿಯನ್ನು ಕಟ್ಟಿದರು. ಬಸದಿಯ ಜೀರ್ಣೋದ್ಧಾರ ಎಲ್ಲರಿಗೂ ಗೊತ್ತು. ದಾಖಲೆಯನ್ನೇ ಜೀರ್ಣೋದ್ಧಾರ ಮಾಡಿಸಿದ ಒಬ್ಬ ಸೆಟ್ಟಿ ನಮ್ಮಲ್ಲಿ ಇದ್ದನೆಂಬುದು ನನಗೆ ಬಹಳ ಸಂತೋಷದ ಸಂಗತಿ.

ಈಗ ನನ್ನ ಸ್ವಂತ ಅಪರಾಧವನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳಬೇಕಾಗಿದೆ. 1996ರಲ್ಲಿ ನಮ್ಮ ಹಳೆಯ ಮನೆಯ ಮಾಳಿಗೆಯನ್ನು ಬಿಚ್ಚಿಸಿದೆವು. ಅಲ್ಲಿ ಅಜ್ಜನವರ ಕಾಲದ ಕಿರ್ದಿ, ಖಾತೆ, ಕಾಗದದ ಕಟ್ಟುಗಳು ತುಂಬಿದ್ದವು. ನಿರ್ವಾಣ ಕಲ್ಯಾಣದ ಮರುದಿನ ಅರಿಸಿನ ಕುಂಕುಮ ಹಚ್ಚಿ, ತಲೆಗೆ ಶ್ರೀಕಾರ ಬರೆದು ಆರಂಭಿಸಿದ ಉದ್ದುದ್ದ ಪುಸ್ತಕಗಳು. ನಾನು ಅವನ್ನು ರದ್ದಿಯವನಿಗೆ ತೂಗಿಕೊಟ್ಟೆ. 7 ಮೂಟೆ, 280 ಕಿಲೋ, ಕಿಲೋಗೆ 3 ರೂಪಾಯಿಯಂತೆ 840 ರೂಪಾಯಿ ಬಂತು. ತೂಕದಲ್ಲಿ ಮೋಸವಾಗದಂತೆ ನಾನೇ ತಕ್ಕಡಿಯ ಮುಂದೆ ನಿಂತು ನೋಡಿಕೊಂಡೆ. ತಂದೆಯವರು ಜಗಲಿಯ ಮೇಲೆ ಕುಳಿತಿದ್ದರು, ಏನೂ ಅನ್ನಲಿಲ್ಲ. ಸಂಜೆ ಊಟ ಬೇಡವೆಂದರು. ಆಗ ನನಗೆ ಅದರ ಅರ್ಥವಾಗಲಿಲ್ಲ.

ಈ ಬಸದಿಯ ಜೀರ್ಣೋದ್ಧಾರಕ್ಕೆಂದು ಸಮಿತಿ ಸೇರಿದಾಗ ಮೊದಲನೆಯ ಪ್ರಶ್ನೆಯೇ, ಹಿಂದಿನ ಪಂಚಕಲ್ಯಾಣ ನಡೆದದ್ದು ಯಾವಾಗ ಎಂಬುದು. ಪ್ಲೇಗಿನ ವರ್ಷವೆಂದು ಒಬ್ಬರೆಂದರು, ಬರಗಾಲದ ವರ್ಷವೆಂದು ಇನ್ನೊಬ್ಬರೆಂದರು. ಬಸದಿಯ ಪೆಟ್ಟಿಗೆಯನ್ನು ತೆಗೆದರೆ ಅದರಲ್ಲಿದ್ದುದು ಗೆದ್ದಲು ತಿಂದ ಪುಡಿ. ಕೊನೆಗೆ ಆಮಂತ್ರಣ ಪತ್ರಿಕೆಯಲ್ಲಿ ‘ಸುಮಾರು ನೂರು ವರ್ಷಗಳ ಹಿಂದೆ’ ಎಂದು ಅಚ್ಚು ಹಾಕಿಸೋಣವೆಂದು ತೀರ್ಮಾನವಾಯಿತು. ಅಷ್ಟರಲ್ಲಿ ನಮ್ಮ ಮನೆಯ ಅಕ್ಕಿಪೆಟ್ಟಿಗೆಯನ್ನು ಸರಿಸಬೇಕಾಗಿ ಬಂತು. ಅದರ ಒಂದು ಕಾಲು ಗಿಡ್ಡ. ಆ ಕಾಲಿನ ಕೆಳಗೆ ಯಾರೋ ಒಂದು ಪುಸ್ತಕವನ್ನು ಇಟ್ಟಿದ್ದರು. ಅಜ್ಜನವರ ಕಿರ್ದಿಗಳಲ್ಲಿ ಉಳಿದದ್ದು ಅದೊಂದೇ.

ಪೂರ್ವಪುಣ್ಯವೋ ಏನೋ, ಅದು ಶ್ರೀಮುಖ ಸಂವತ್ಸರದ ಪುಸ್ತಕ. ಫಾಲ್ಗುಣ ಶುದ್ಧದಲ್ಲಿ, ಅಂದರೆ 1934ರ ಫೆಬ್ರವರಿಯಲ್ಲಿ, ಐದು ದಿನ ಅಂಗಡಿಯ ಮಾರಾಟವೇ ಇಲ್ಲ. ಬರಿಯ ಖರ್ಚು. ಎಲ್ಲಕ್ಕೂ ‘ಬಸದಿ ಪ್ರತಿಷ್ಠೆ ಬಾಬ್ತು’ ಎಂದು ಬರೆದಿದೆ. ದೀವಟಿಗೆಯ ಎಣ್ಣೆ, ಚಪ್ಪರದ ಹಗ್ಗ, ಪರಸ್ಥಳದ ಪುರೋಹಿತರ ಗಾಡಿ ಬಾಡಿಗೆ, ಆನೆಯ ಮಾವುತನಿಗೆ ಪಂಚೆ. ನಮ್ಮೂರಿಗೆ ಆನೆ ಬಂದಿತ್ತೆಂಬುದು ಯಾವ ಹಿರಿಯರಿಗೂ ನೆನಪಿರಲಿಲ್ಲ!

ಅದಕ್ಕೂ ಹಿಂದಿನ ತಿಂಗಳುಗಳಲ್ಲಿ ಗಾರೆ ಕೆಲಸದ ಲೆಕ್ಕವಿತ್ತು. ಸುಣ್ಣ 32 ಗಾಡಿ, ಬೆಲ್ಲ 4 ಮಣ, ಅಳಲೆಕಾಯಿ 1 ಮಣ. ಬೆಲ್ಲವನ್ನು ಅನ್ನಸಂತರ್ಪಣೆಗೆ ತಂದಿರಬಹುದೆಂದು ನಾನು ತಿಳಿದೆ. ಅಳಲೆಕಾಯಿಯನ್ನು ಯಾರು ಉಣ್ಣುತ್ತಾರೆ? ಸಮಿತಿಯವರು ಕರೆಸಿದ್ದ ಹಿರಿಯ ಶಿಲ್ಪಿಗಳಿಗೆ ತೋರಿಸಿದಾಗ ಅವರು ನಕ್ಕರು. ಬೆಲ್ಲದ ನೀರು ಮತ್ತು ಅಳಲೆಕಾಯಿ ನೆನೆಸಿದ ನೀರನ್ನು ಸುಣ್ಣದ ಗಾರೆಗೆ ಸೇರಿಸಿ ಅರೆಯುತ್ತಿದ್ದರಂತೆ, ಅದು ಬಿರುಕು ಬಿಡದೆ ಹಿಡಿದುಕೊಳ್ಳುತ್ತಿತ್ತಂತೆ. ಕೆಲವು ವರ್ಷಗಳ ಹಿಂದೆ ನಾವೇ ಮುತುವರ್ಜಿಯಿಂದ ಮೇಲ್ಚಾವಣಿಗೆ ಸಿಮೆಂಟು ಬಳಿಸಿದ್ದೆವು. ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಗರ್ಭಗೃಹದ ಮೇಲ್ಭಾಗವೆಲ್ಲ ಹಸಿರುಗಟ್ಟಿತ್ತು. ಆ ಸಿಮೆಂಟನ್ನು ಕೆತ್ತಿ ತೆಗೆದು ಈಗ ಸುಣ್ಣದ ಗಾರೆಯನ್ನೇ ಮಾಡಿಸಿದ್ದಾರೆ. ತಾವು ಈಗ ದರ್ಶನ ಮಾಡಿ ಬಂದ ಚಾವಣಿ ಅಕ್ಕಿಪೆಟ್ಟಿಗೆಯ ಕಾಲಡಿಯ ಪುಸ್ತಕ ಹೇಳಿದಂತೆ ಆಗಿರುವುದು.

ಆ ಪುಸ್ತಕದಲ್ಲಿ ಇನ್ನೊಂದು ಜಮೆಯೂ ಇದೆ. ‘ಕಳಸದ ಬಾಬ್ತು ಚಿನ್ನದ ಬಳೆ ಜೋಡಿ 1, ಮೇಲಿನ ಕೇರಿಯ ದಿವಂಗತರ ಹೆಂಡತಿಯಿಂದ.’ ಗಂಡನ ಹೆಸರಿದೆ, ಆಕೆಯ ಹೆಸರಿಲ್ಲ. ಗೋಡೆಯಲ್ಲಿರುವ ಹಳೆಯ ಕಲ್ಲಿನ ಮೇಲೆ ಹನ್ನೊಂದು ಮಂದಿ ದಾನಿಗಳ ಹೆಸರುಗಳಿವೆ. ನಮ್ಮ ಅಜ್ಜನವರದೂ ಇದೆ, ಅವರು ಕೊಟ್ಟದ್ದು 25 ರೂಪಾಯಿ. ಇದ್ದ ಬಳೆಯನ್ನು ಬಿಚ್ಚಿಕೊಟ್ಟವಳ ಸುಳಿವು ಆ ಕಲ್ಲಿನಲ್ಲಿ ಇಲ್ಲ. ಆಕೆಯ ಮರಿಮಕ್ಕಳು ಈ ಸಭೆಯಲ್ಲಿ ಕುಳಿತಿದ್ದಾರೆ. ಮೊನ್ನೆ ಆ ಪುಟವನ್ನು ಅವರಿಗೆ ತೋರಿಸಿದೆ, ಅವರಿಗೂ ಆಕೆಯ ಹೆಸರು ಗೊತ್ತಿಲ್ಲ. ನಾನು ತೂಗಿಕೊಟ್ಟ 280 ಕಿಲೋದಲ್ಲಿ ಎಲ್ಲಿಯಾದರೂ ಆ ಹೆಸರು ಇದ್ದಿತೇ? ಉಪ್ಪು ಮೆಣಸಿನಕಾಯಿ ಕೊಂಡ ಒಂದು ಉದ್ರಿ ಖಾತೆಯಲ್ಲಿಯಾದರೂ ಇದ್ದಿತೇ? ಈ ಪ್ರಶ್ನೆ ರಾತ್ರಿ ನಿದ್ದೆಯಲ್ಲಿಯೂ ನನ್ನನ್ನು ಬಿಡುತ್ತಿಲ್ಲ.

ಒಂದು ಮನೆತನ ಕಾಗದವನ್ನು ಕಾಪಾಡಿದರೆ ಏನಾಗುತ್ತದೆಂಬುದಕ್ಕೆ ಗುಜರಾತಿನ ಉದಾಹರಣೆಯಿದೆ. ಅಹಮದಾಬಾದಿನ ರತ್ನವರ್ತಕ ಶಾಂತಿದಾಸ ಝವೇರಿಯವರು 17ನೆಯ ಶತಮಾನದಲ್ಲಿ ಮೊಗಲ ಬಾದಶಹರಿಂದ ಶತ್ರುಂಜಯವೇ ಮೊದಲಾದ ಕ್ಷೇತ್ರಗಳ ಬಗ್ಗೆ ಫರ್ಮಾನುಗಳನ್ನು ಪಡೆದಿದ್ದರು. ನಮ್ಮ ಶ್ವೇತಾಂಬರ ಸಹೋದರರು ಅವನ್ನು ಜೋಪಾನ ಮಾಡಿದರು. ಆನಂದಜಿ ಕಲ್ಯಾಣಜಿ ಪೇಢಿಯ ಸಂಗ್ರಹದಲ್ಲಿದ್ದ ಅಂತಹ ಫರ್ಮಾನುಗಳನ್ನು ಪ್ರೊ. ಕಮಿಸ್ಸರಿಯಟ್ ಎಂಬ ಪಾರಸಿ ವಿದ್ವಾಂಸರು 1940ರಲ್ಲಿ ಪ್ರಕಟಿಸಿದರು. ಪಾಲಿತಾಣದ ದರಬಾರಿನೊಡನೆ 1886ರಲ್ಲಿ ವರ್ಷಕ್ಕೆ 15,000 ರೂಪಾಯಿಯಂತೆ 40 ವರ್ಷಗಳ ಕರಾರಾಗಿತ್ತು. 1926ರಲ್ಲಿ ಅದರ ಅವಧಿ ಮುಗಿದು ಯಾತ್ರಿಕರ ಮೇಲೆ ತೆರಿಗೆಯ ಪ್ರಶ್ನೆ ಎದ್ದಿತು. ಜೈನರು ಎರಡು ವರ್ಷ ಯಾತ್ರೆಯನ್ನೇ ನಿಲ್ಲಿಸಿದರು. 1928ರಲ್ಲಿ ವೈಸರಾಯರ ಮುಂದೆ ಸಿಮ್ಲಾದಲ್ಲಿ ವರ್ಷಕ್ಕೆ 60,000 ರೂಪಾಯಿಯಂತೆ ಒಪ್ಪಂದವಾಯಿತು. ಇಂತಹ ವ್ಯವಹಾರಗಳಲ್ಲಿ ಭಕ್ತಿ ಒಂದೇ ಸಾಲದು. ಹಳೆಯ ಕರಾರು ಎಲ್ಲಿ, ಸನ್ನದು ಎಲ್ಲಿ ಎಂದು ಕೇಳಿದೊಡನೆ ಪೆಟ್ಟಿಗೆಯಿಂದ ತೆಗೆದು ಮುಂದಿಡುವ ಶಕ್ತಿಯೂ ಬೇಕು.

ನಮ್ಮ ನಾಡಿನ ಕಥೆ ಸ್ವಲ್ಪ ಬೇರೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿಗೆ ಬಂದ ಕರ್ನಲ್ ಮೆಕೆಂಜಿಯವರು ಊರೂರಿನ ಶಾಸನ, ಓಲೆ, ಕಡತ, ಕೈಫಿಯತ್ತುಗಳನ್ನು ಸಂಗ್ರಹಿಸಿದರು. ಅವರಿಗೆ ಹಳಗನ್ನಡವನ್ನು ಓದಿ ಹೇಳಿದವರಲ್ಲಿ ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು ಪ್ರಮುಖರು. ಅದೇ ಕನಕಗಿರಿ ಮಲೆಯೂರಿನ ದೇವಚಂದ್ರನೇ ಮುಂದೆ ‘ರಾಜಾವಳಿ ಕಥೆ’ಯನ್ನು ಬರೆದವನು. ಮೆಕೆಂಜಿಯವರು 1821ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಕಂಪನಿ ಸರಕಾರದ ಪಾಲಾಗಿ ಈಗ ಲಂಡನ್ ಮತ್ತು ಚೆನ್ನೈಗಳಲ್ಲಿ ಹಂಚಿಹೋಗಿದೆ. ಅದರಲ್ಲಿನ ಕರ್ನಾಟಕದ ಕೈಫಿಯತ್ತುಗಳನ್ನು ಡಾ. ಎಂ.ಎಂ. ಕಲಬುರ್ಗಿಯವರು ಸಂಪಾದಿಸಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟಿಸಿದರು. ನಮ್ಮೂರುಗಳ ಕಥೆಯನ್ನು ತಿಳಿಯಲು ಸಮುದ್ರ ದಾಟಿದ ಕಾಗದವನ್ನು ನೋಡಬೇಕಾಯಿತಲ್ಲ ಎಂದು ಕೆಲವರು ಕೊರಗುತ್ತಾರೆ. ರದ್ದಿಯವನ ಮೂಟೆಗಿಂತ ಲಂಡನ್ ಮೇಲು ಎಂಬುದು ನನ್ನ ಅಭಿಪ್ರಾಯ.

ಕಡತವೆಂದರೇನೆಂದು ಇಲ್ಲಿರುವ ತರುಣರಿಗೆ ತಿಳಿದಿರಲಾರದು. ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಲಿನ ಪುಡಿಯನ್ನು ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಶೃಂಗೇರಿ ಮಠದ ಇಂತಹ ಕಡತಗಳನ್ನು ಇತಿಹಾಸಕಾರರು ಓದಿ, ಆಯ್ದು ಪ್ರಕಟಿಸಿದ್ದಾರೆ. ಇದಕ್ಕೆ ಒಂದು ಅಪಾಯವಿದೆ. ಒದ್ದೆ ಬಟ್ಟೆಯಿಂದ ಒಂದು ಸಲ ಒರೆಸಿದರೆ ನೂರು ವರ್ಷದ ಲೆಕ್ಕ ಅಳಿಸಿಹೋಗುತ್ತದೆ. ಬಸದಿಯನ್ನು ಶುಚಿಗೊಳಿಸುವ ಉತ್ಸಾಹದಲ್ಲಿ ಕಪ್ಪು ಬಟ್ಟೆ ಕಂಡೊಡನೆ ಕೊಳೆಯೆಂದು ತೊಳೆಯಬೇಡಿರಿ.

1974ರ ಭೂಸುಧಾರಣೆಯ ಅನಂತರ ಎಷ್ಟೋ ಬಸದಿಗಳ ಗೇಣಿ ಪುಸ್ತಕಗಳು ಒಲೆಗೆ ಹೋದವು. ಭೂಮಿಯೇ ಹೋದ ಮೇಲೆ ಪುಸ್ತಕವೇಕೆ ಎಂಬ ಮುನಿಸು. ಆ ಪುಸ್ತಕದಲ್ಲಿ ಗದ್ದೆಗಳ ಹೆಸರುಗಳಿದ್ದವು, ಉಳುವವರ ಹೆಸರುಗಳಿದ್ದವು, ಮಳೆ ಕೈಕೊಟ್ಟ ವರ್ಷ ಎಷ್ಟು ಮುಡಿ ಮಾಫಿ ಮಾಡಿದರೆಂಬುದಿತ್ತು. ಅದು ನಮ್ಮ ಚರಿತ್ರೆ ಮಾತ್ರವಲ್ಲ, ನಮ್ಮ ಗದ್ದೆ ಉತ್ತವರ ಚರಿತ್ರೆಯೂ ಹೌದು.

ಸಂಘಸಂಸ್ಥೆಗಳ ಬಗ್ಗೆ ಒಂದು ಮಾತು. 1899ರಲ್ಲಿ ನಿಪ್ಪಾಣಿಯ ಸಮೀಪದ ಸ್ತವನಿಧಿಯಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಅದನ್ನು ನೋಡಿ ಊರೂರಿನಲ್ಲಿ ಯುವಕ ಸಂಘ, ಮಹಿಳಾ ಸಮಾಜ, ವಿದ್ಯಾರ್ಥಿನಿಲಯಗಳಾದವು. ನಮ್ಮ ಯುವಕ ಸಂಘದ ಹಳೆಯ ನಡವಳಿ ಪುಸ್ತಕವೊಂದು ನನ್ನ ಬಳಿ ಇದೆ. ಅದರಲ್ಲಿ ಒಂದು ಪೆಟ್ರೋಮ್ಯಾಕ್ಸ್ ದೀಪವನ್ನು ನಾಟಕಕ್ಕೆ ಕೊಡಬೇಕೇ ಬೇಡವೇ ಎಂಬ ವಿಷಯಕ್ಕೆ ಮೂರು ಸಭೆಗಳು ನಡೆದಿವೆ. ಓದಿದರೆ ನಗು ಬರುತ್ತದೆ. ಅದೇ ಪುಸ್ತಕದಲ್ಲಿ, ಬಡ ವಿದ್ಯಾರ್ಥಿಯೊಬ್ಬನ ಪರೀಕ್ಷಾ ಶುಲ್ಕವನ್ನು ಹೆಸರು ಹೇಳದೆ ಕಟ್ಟಬೇಕೆಂದು ಒಂದೇ ಸಾಲಿನ ಠರಾವಿದೆ. ಅದಕ್ಕೆ ಚರ್ಚೆ ನಡೆದಂತೆ ಕಾಣುವುದಿಲ್ಲ.

ಇವನ್ನೆಲ್ಲ ಸರಕಾರ ಕಾಪಾಡುವುದಿಲ್ಲವೇ ಎಂದು ತಾವು ಕೇಳಬಹುದು. 2003ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿತು. ಬಹಳ ಒಳ್ಳೆಯ ಕೆಲಸ. ಆದರೆ ಹಸ್ತಪ್ರತಿಯೆಂದರೆ 75 ವರ್ಷವಾದರೂ ಹಳೆಯದಾದ, ಜ್ಞಾನವಿಷಯವುಳ್ಳ ಕೈಬರಹವೆಂದು ಅವರು ನಿಶ್ಚಯಿಸಿದರು. ಕಂದಾಯದ ದಾಖಲೆ, ಫರ್ಮಾನು ಮೊದಲಾದವು ಆ ವ್ಯಾಖ್ಯೆಯಿಂದ ಹೊರಗೆ. ಅಂದರೆ ಬಸದಿಯಲ್ಲಿರುವ ಪುರಾಣದ ಓಲೆಗೆ ಪಟ್ಟಿಯಲ್ಲಿ ಸ್ಥಾನ, ಅದರ ಪಕ್ಕದ ಲೆಕ್ಕದ ಕಟ್ಟಿಗೆ ಇಲ್ಲ. ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿರುವುದು ಹೆಚ್ಚಾಗಿ ಸರಕಾರದ ಕಡತಗಳು. ಹೀಗಾಗಿ ಮನೆಯ ಕಿರ್ದಿ, ಬಸದಿಯ ಲೆಕ್ಕ, ಸಂಘದ ನಡವಳಿ, ಈ ಮೂರಕ್ಕೂ ನಾವಲ್ಲದೆ ಬೇರೆ ದಿಕ್ಕಿಲ್ಲ. ಟಾಟಾದವರು ತಮ್ಮ ಉದ್ಯಮಗಳ ಕಾಗದಕ್ಕಾಗಿ ಪುಣೆಯಲ್ಲಿ ಒಂದು ಪತ್ರಾಗಾರವನ್ನೇ ನಡೆಸುತ್ತಾರೆ. ಅಷ್ಟು ದೊಡ್ಡ ಬಂಡವಾಳ ನಮಗೇಕೆ? ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ಗುಂಡಾಜೋಯಿಸರು ಸುತ್ತಣ ಮನೆಗಳಿಂದ ಓಲೆ, ಕಾಗದಪತ್ರಗಳನ್ನು ಕೂಡಿಹಾಕಿ ಒಂದು ವಸ್ತುಸಂಗ್ರಹಾಲಯವನ್ನೇ ಕಟ್ಟಿದರು. ಅದಕ್ಕೆ ಮೊದಲು ಬೇಕಾದದ್ದು ಮನೆಮನೆಯ ಬಾಗಿಲಿಗೆ ನಡೆದುಹೋಗುವ ಕಾಲುಗಳು.

ನಾನು ಈ ಮಾತನ್ನು ಸಮಿತಿಯಲ್ಲಿ ಎತ್ತಿದಾಗ ಕೆಲವು ಆಕ್ಷೇಪಣೆಗಳು ಬಂದವು. ಹಳೆಯ ಕಾಗದವನ್ನು ಕಟ್ಟಿಕೊಂಡಿರುವುದು ಪರಿಗ್ರಹವಲ್ಲವೇ ಎಂದು ಒಬ್ಬ ಹಿರಿಯರು ಕೇಳಿದರು. ಮಮಕಾರದಿಂದ ಇಟ್ಟುಕೊಂಡರೆ ಪರಿಗ್ರಹವೇ ಸರಿ. ಬಸದಿಯ ಲೆಕ್ಕ ನಮ್ಮದಲ್ಲವಲ್ಲ! ಪರರ ಒತ್ತೆಯನ್ನು ಕಾಪಾಡುವುದು ಪರಿಗ್ರಹವೆಂದು ನನಗೆ ತೋರುವುದಿಲ್ಲ. ತಿಳಿದವರು ತಿದ್ದಬೇಕು. ಮನೆತನದ ಗುಟ್ಟು ಬಯಲಾಗುತ್ತದೆ, ಯಾರ ಅಜ್ಜ ಯಾರಿಗೆ ಸಾಲಗಾರನೆಂಬುದು ಗೊತ್ತಾಗುತ್ತದೆ ಎಂಬುದು ಎರಡನೆಯ ಆಕ್ಷೇಪಣೆ. ಇದು ನಿಜವಾದ ಭಯ. ಅಂತಹ ಕಟ್ಟನ್ನು ಮೊಹರು ಮಾಡಿ, ಇಷ್ಟು ವರ್ಷ ತೆರೆಯಕೂಡದೆಂದು ಮೇಲೆ ಬರೆದುಕೊಡಿರಿ, ಅದರಂತೆಯೇ ಇಡೋಣ. ಸುಡುವುದಕ್ಕಿಂತ ಮೊಹರು ಲೇಸು.

ಹುಳುಗಳ ಪ್ರಶ್ನೆ ನಮಗೆ ಬಹಳ ಸೂಕ್ಷ್ಮವಾದದ್ದು. ವಿಷವಿಟ್ಟು ಕೊಂದು ಕಾಗದವನ್ನು ಉಳಿಸುವುದು ನಮ್ಮ ಧರ್ಮಕ್ಕೆ ಒಪ್ಪದು. ಹುಳು ಬಾರದಂತೆ ಮಾಡುವುದೇ ನಮ್ಮ ದಾರಿ. ಗೋಡೆಗೆ ತಾಗದಂತೆ, ನೆಲದಿಂದ ಎತ್ತರದಲ್ಲಿ, ತೇವವಿಲ್ಲದ ಕೋಣೆಯಲ್ಲಿಟ್ಟು, ತಿಂಗಳಿಗೊಮ್ಮೆ ಮೃದುವಾದ ಕುಂಚದಿಂದ ಧೂಳು ತೆಗೆದು, ಒಣಗಿದ ಬೇವಿನೆಲೆಯಿಟ್ಟು, ಹತ್ತಿಬಟ್ಟೆಯಲ್ಲಿ ಸುತ್ತಿದರೆ ಬಹುಮಟ್ಟಿಗೆ ಸಾಕು. ಶ್ರುತಪಂಚಮಿಯ ದಿನ ಗ್ರಂಥಗಳ ವಸ್ತ್ರವನ್ನು ಬದಲಿಸುತ್ತೇವೆ, ಅಂದೇ ಈ ಕಟ್ಟುಗಳನ್ನೂ ಬಿಚ್ಚಿ ನೋಡಬಹುದು. ಹರಿದ ಪುಟಕ್ಕೆ ಅಂಟುಪಟ್ಟಿ ಹಚ್ಚಬೇಡಿರಿ. ಕೆಲವು ವರ್ಷಗಳಲ್ಲಿ ಅದು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಪ್ಲಾಸ್ಟಿಕ್ ಹಾಳೆಯೊಳಗೆ ಬಿಸಿಯೊತ್ತಿ ಮುಚ್ಚಿಸುವುದಂತೂ ಬೇಡವೇ ಬೇಡ.

ಈಗ ಎಲ್ಲವೂ ಕಂಪ್ಯೂಟರಿನಲ್ಲಿದೆ, ಮೊಬೈಲಿನಲ್ಲಿದೆ ಎನ್ನುವ ತರುಣರಿಗೆ ನನ್ನ ಅನುಭವವನ್ನು ಹೇಳುತ್ತೇನೆ. ನನ್ನ ಅಂಗಡಿಯ ನಾಲ್ಕು ವರ್ಷದ ಲೆಕ್ಕ ಒಂದು ಮಳೆಗಾಲದ ಸಿಡಿಲಿಗೆ ಕಂಪ್ಯೂಟರಿನೊಂದಿಗೇ ಹೋಯಿತು. ಅಜ್ಜನವರ ಕಿರ್ದಿ ಅಕ್ಕಿಪೆಟ್ಟಿಗೆಯ ಭಾರವನ್ನು ಹೊತ್ತುಕೊಂಡೂ ಉಳಿಯಿತು. ಮೊಬೈಲಿನಿಂದ ಪುಟಗಳ ಛಾಯಾಚಿತ್ರವನ್ನು ಅವಶ್ಯವಾಗಿ ತೆಗೆಯಿರಿ, ಎರಡು ಮೂರು ಕಡೆ ಇರಿಸಿರಿ. ಆದರೆ ಬಸದಿಯ ಈ ಮಹೋತ್ಸವದ ಪೂರ್ಣ ಜಮಾ-ಖರ್ಚು ಒಳ್ಳೆಯ ಕಾಗದದ ಮೇಲೆ ಅಚ್ಚಾಗಿ, ಸಹಿಯಾಗಿ, ಬಸದಿಯಲ್ಲಿರಲಿ. ದಾನಿಗಳ ಪಟ್ಟಿಯಲ್ಲಿ ಹೆಂಗಸರ ಹೆಸರನ್ನು ಇಂತಹವರ ಪತ್ನಿ ಎಂದು ಬರೆಯದೆ ಅವರದೇ ಹೆಸರಿನಲ್ಲಿ ಬರೆಯಬೇಕೆಂದು ಸಮಿತಿಯವರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಬಸದಿಯ ಹೊರಸುತ್ತಿನ ಕೋಣೆಯೊಂದನ್ನು ಇದಕ್ಕಾಗಿ ಬಿಟ್ಟುಕೊಡಲು ಸಮಿತಿಯವರು ಒಪ್ಪಿದ್ದಾರೆ. ಬೀರು ಮಾಡಿಸಿಕೊಡುವ ಸೇವೆಯನ್ನು ನನಗೆ ದಯಪಾಲಿಸಿದ್ದಾರೆ. ಅದರ ಖರ್ಚಿನಲ್ಲಿ 1996ರ 840 ರೂಪಾಯಿಯನ್ನೂ ಸೇರಿಸಿ ಲೆಕ್ಕ ಬರೆದಿದ್ದೇನೆ. ತಮ್ಮ ಮನೆಯ ಮಾಳಿಗೆಯಲ್ಲಿ, ಪೆಟ್ಟಿಗೆಯಲ್ಲಿ ಏನಿದ್ದರೂ ಉತ್ಸವ ಮುಗಿಯುವ ತನಕ ಕಚೇರಿಯಲ್ಲಿ ರಸೀದಿ ಪಡೆದು ಒಪ್ಪಿಸಬಹುದು. ಕೊಡಲು ಮನಸ್ಸಿಲ್ಲದವರು ತೋರಿಸಿದರೂ ಸಾಕು, ಪ್ರತಿ ತೆಗೆದು ಅಂದೇ ಹಿಂತಿರುಗಿಸುತ್ತೇವೆ.

ಶ್ರೀಮುಖ ಸಂವತ್ಸರದ ಕಿರ್ದಿಯನ್ನು ಇಂದು ಕೆಂಪು ವಸ್ತ್ರದಲ್ಲಿ ಕಟ್ಟಿ ತಂದಿದ್ದೇನೆ. ಬಳೆಯ ಜಮೆ ಇರುವ ಪುಟಕ್ಕೆ ಒಂದು ಕಾಗದದ ಗುರುತಿಟ್ಟಿದ್ದೇನೆ. ಮೇಲಿನ ಕೇರಿಯ ಹಿರಿಯರಲ್ಲಿ ಯಾರಿಗಾದರೂ ಆ ತಾಯಿಯ ಹೆಸರು ನೆನಪಿದ್ದರೆ ದಯವಿಟ್ಟು ತಿಳಿಸಬೇಕು. ಗುರುತಿನ ಕಾಗದದಲ್ಲಿ ಹೆಸರಿಗಾಗಿ ಜಾಗ ಬಿಟ್ಟಿದ್ದೇನೆ. ಪೂಜ್ಯ ಸ್ವಾಮಿಗಳವರು ಈ ಪುಸ್ತಕವನ್ನು ಸ್ಪರ್ಶಿಸಿ ಸಮಿತಿಯವರಿಗೆ ಒಪ್ಪಿಸಬೇಕೆಂದು ಪ್ರಾರ್ಥಿಸುತ್ತೇನೆ.